ಸಂಡಾಸದ ಚಾವಿ

ಅವತ್ತು ಮುಸರತ್‌ಳ ಕೊರಳಿಗೆ ಸಂಡಾಸದ ಚಾವಿ ಹಾಕಿದರು.

ಕೆಂಪು ರಿಬ್ಬನ್ನು. ರಿಬ್ಬನ್ನಿನ ತುದಿಗೆ ಚಾವಿ. ಓಟದಲ್ಲಿ ಗೆದ್ದವರಿಗೆ ಪದಕ ಹಾಕುತ್ತಾರಲ್ಲ, ಹಾಗೆ. ಹಾಕಿದವರು ನಮ್ಮ ಮಾಲೀಕರು, ಅಂದಾನೆಪ್ಪ ಸಾವ್ಕಾರರು. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡವನು ಹುಬ್ಬಳ್ಳಿಯಿಂದ ಬಂದ ಟ್ರೇನರ್. ಚಪ್ಪಾಳೆ ತಟ್ಟಿದವರು ನಾವು. ಬೆಳಗಿನಿಂದ ಮೆಣಸಿನಕಾಯಿಯ ತೊಟ್ಟು ಮುರಿದ ಅಂಗೈಗಳಿಂದಲೇ ತಟ್ಟಿದೆವು. ಉರಿಯುವ ಕೈಗಳಿಂದ ಚಪ್ಪಾಳೆ ತಟ್ಟಿ ನೋಡಬೇಕು ನೀವು. ಗೆದ್ದವರ ಮೇಲೆ ಪ್ರೀತಿ ಉಕ್ಕುತ್ತದೆ.

"ಈ ವಾರದ ತಾರೆ!" ಎಂದು ಟ್ರೇನರ್ ಮೈಕಿನಲ್ಲಿ ಕೂಗಿದ.

ಮುಸರತ್ ತಲೆ ಬಗ್ಗಿಸಿ ಚಾವಿ ನೋಡಿಕೊಂಡಳು. ನನ್ನ ಪಕ್ಕ ನಿಂತಿದ್ದ ನಸೀಮಾಬಿ ಕಿವಿಯಲ್ಲಿ ಅಂದಳು: "ಭಾಗ್ಯಾ, ನಮ್ಮ ಆಡಿಗೂ ಹಿಂಗ ಕಟ್ಟೇನಿ ನೋಡು. ಗಂಟಿ."

ನಗು ಬಂತು. ಆ ನಗು ಆಮೇಲೆ ನಮಗೆ ಎಷ್ಟು ತುಟ್ಟಿಯಾಯಿತು ಎಂಬುದನ್ನು ಹೇಳುತ್ತೇನೆ.

ಗುಡಗೇರಿ ಸ್ಟೇಷನ್ನಿನ ಆಚೆ ಒಂದು ತಗಡಿನ ಶೆಡ್ಡು. ಸುತ್ತಲಿನ ಹೊಲಗಳ ಬ್ಯಾಡಗಿ ಕಾಯಿ ಅಲ್ಲಿಗೆ ಬರುತ್ತದೆ. ತೊಟ್ಟು ಮುರಿದು, ಕೊಳೆತದ್ದು ಆರಿಸಿ, ಬಣ್ಣಗೆಟ್ಟದ್ದು ಬೇರೆ ಹಾಕಿ ರಾಶಿ ಮಾಡುವವರು ನಾವು ಹೆಂಗಸರು. ಅಲ್ಲಿಂದ ಮುಂಬಯಿ. ಮುಂಬಯಿಯಿಂದ ಹಡಗು. ಬ್ಯಾಡಗಿ ಕಾಯಿಗೆ ಬಣ್ಣ ಜಾಸ್ತಿ, ಖಾರ ಕಡಿಮೆ ಎಂದು ಪ್ಯಾಕೆಟ್ಟಿನ ಮೇಲೆ ಬರೆಯುತ್ತಾರೆ. ಬರೆಯುವವರು ಒಂದು ದಿನವೂ ತೊಟ್ಟು ಮುರಿದವರಲ್ಲ.

ಖಾರ ಮೊದಲು ಉಗುರಿನ ಸಂದಿಗೆ ಇಳಿಯುತ್ತದೆ. ಆಮೇಲೆ ಬೆರಳಿನ ತುದಿ ಸುಲಿಯುತ್ತದೆ. ಸುಲಿದ ಜಾಗಕ್ಕೆ ಮತ್ತೆ ಖಾರ. ಕಣ್ಣು ಮುಟ್ಟಬಾರದು. ಮೂಗು ಮುಟ್ಟಬಾರದು. ಬೆವರು ಬಂದರೆ ಭುಜಕ್ಕೆ ಒರೆಸಬೇಕು. ಹೊಟ್ಟೆಯ ಕೆಳಗಿನ ಮಾತು ಹೇಳಬೇಕೆ? ಹೇಳುತ್ತೇನೆ. ಒಂದಕ್ಕೆ ಬಂದರೆ ರೈಲು ಹಳಿ ದಾಟಿ ಜಾಲಿಕಂಟಿಯ ಮುಳ್ಳುಪೊದೆಗಳ ಮರೆಗೆ ಹೋಗಬೇಕು. ಸೀರೆ ಎತ್ತಲು ಕೈ ಬೇಕು. ಕೈಯ ತುಂಬ ಖಾರ. ತಿಂಗಳ ಮುಟ್ಟಿನಲ್ಲಿ ಏನಾಗುತ್ತದೆ ಎಂಬುದನ್ನು ನೀವೇ ಯೋಚಿಸಿ, ನಿಮಗೂ ಸ್ವಲ್ಪ ಉರಿಯಲಿ. ಅದಕ್ಕೆ ನಾವು ನೀರು ಕುಡಿಯುವುದನ್ನೇ ಬಿಟ್ಟಿದ್ದೆವು. ರೊಟ್ಟಿ ಗಂಟಲಿನಿಂದ ಇಳಿಯುವಷ್ಟು ಕುಡಿದು ಬಿಂದಿಗೆಯ ಬಾಯಿ ಮುಚ್ಚುತ್ತಿದ್ದೆವು. ಆ ಬಿಂದಿಗೆಯ ನೀರು ಕುಡಿಯಲಿಕ್ಕೆ ಮಾತ್ರ, ಕೈಗೆ ಸುರಿದುಕೊಂಡರೆ ಬೈಗುಳ.

ಆದರೆ ನಮ್ಮದೊಂದು ಪದ್ಧತಿ ಇತ್ತು. ನಾವು ಗುಂಡಗೆ ಸುತ್ತುಗಟ್ಟಿ ಕೂರುತ್ತಿದ್ದೆವು. ಎಲ್ಲರೂ ಮುರಿದದ್ದು ಒಂದೇ ರಾಶಿಗೆ. ಸಂಜೆ ರಾಶಿಯನ್ನು ಒಟ್ಟಿಗೆ ತೂಗಬೇಕು, ಬಂದದ್ದನ್ನು ಸಮ ಹಂಚಿಕೊಳ್ಳಬೇಕು. ಹೊಲದಲ್ಲಿ ಮುಯ್ಯಾಳು ಹೋಗುತ್ತೇವಲ್ಲ, ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು, ಅದೇ ರೀತಿ. ಬಸುರಿ ಇದ್ದರೆ ಅವಳ ಪಾಲನ್ನು ಉಳಿದವರು ಮುರಿಯುತ್ತಾರೆ. ಮೈಲಾರವ್ವ ಎಂಬ ಮುದುಕಿ ಇದ್ದಾಳೆ, ನಾವೆಲ್ಲ ಆಯಿ ಅನ್ನುತ್ತೇವೆ. ಅವಳ ಬೆರಳುಗಳು ಮಡಚಿಕೊಂಡವು, ಮತ್ತೆ ಬಿಚ್ಚಿಲ್ಲ. ಅವಳು ರಾಶಿಯ ಅಂಚಿಗೆ ಕಾಲು ಚಾಚಿ ಕೂತು, ಸೀರೆಯ ಉಡಿಯಲ್ಲಿ ಕಾಯಿ ಸುರಿದುಕೊಂಡು, ಅಂಗೈಯ ಬುಡದಿಂದ ಒತ್ತಿ ಮುರಿಯುತ್ತಾಳೆ. ನಿಧಾನ. ಅವಳಿಗೂ ಸಮಪಾಲು. ಯಾರೂ ಇದನ್ನು ದೊಡ್ಡ ಮಾತು ಎಂದುಕೊಂಡಿರಲಿಲ್ಲ.

ಮುಸರತ್ ಹಸಿ ಬಾಣಂತಿ ಇದ್ದಾಗಲೇ ಕೆಲಸಕ್ಕೆ ಬಂದಳು. ಮನೆಯಲ್ಲಿ ಕೂತರೆ ಒಲೆ ಹೊತ್ತುವುದಿಲ್ಲ. ಅತ್ತೆ ಖಾದರಬಿ ಮಧ್ಯಾಹ್ನ ಕೂಸನ್ನು ಎತ್ತಿಕೊಂಡು ಬರುತ್ತಿದ್ದಳು. ಮೊದಲ ದಿನ ಮುಸರತ್ ಕೈಯನ್ನು ಸೆರಗಿಗೆ ಗಸಗಸ ಒರೆಸಿಕೊಂಡು ಮೊಲೆಗೆ ಹಾಕಿಕೊಂಡಳು. ಕೂಸು ಬಾಯಿ ಹಚ್ಚಿತು. ಆಮೇಲೆ ಕಿರುಚಿದ ಕಿರುಚು ಇನ್ನೂ ಈ ತಗಡಿನಲ್ಲಿ ಇದೆ. ತುಟಿಗಳು ಬಾತವು. ಮುಸರತ್‌ಳ ಎದೆಯೂ ಉರಿಯಿತು, ಅದನ್ನು ಅವಳು ಯಾರಿಗೂ ಹೇಳಲಿಲ್ಲ.

ಆ ದಿನದಿಂದ ಅವಳ ಕುಪ್ಪಸದ ಗುಂಡಿಯನ್ನು ಖಾದರಬಿ ಬಿಚ್ಚುತ್ತಿದ್ದಳು. ಅವಳೊಬ್ಬಳದೇ ಸ್ವಚ್ಛ ಕೈ. ಮುಸರತ್ ಎರಡೂ ಕೈಗಳನ್ನು ಬದಿಗೆ ಚಾಚಿ, ಯಾರೋ ಬಂದೂಕು ಹಿಡಿದು ಹೆದರಿಸಿದಂತೆ ಕೂರುತ್ತಿದ್ದಳು. ಅತ್ತೆ ಗುಂಡಿ ಬಿಚ್ಚುವುದು, ಕೂಸನ್ನು ಒತ್ತಿ ಹಿಡಿಯುವುದು, ಆಮೇಲೆ ಒರೆಸಿ ಗುಂಡಿ ಹಾಕುವುದು. ಆ ಹೊತ್ತಿಗೆ ಹಮಾಲರ ಹೆಜ್ಜೆ ನಿಧಾನವಾಗುತ್ತಿತ್ತು. ಹೊತ್ತ ಚೀಲದ ಭಾರ ಆಗ ಅವರಿಗೆ ತಿಳಿಯುತ್ತಲೇ ಇರಲಿಲ್ಲ.

ಅಷ್ಟರಲ್ಲಿ ಮಾಲು ಕೊಳ್ಳುವ ಮುಂಬಯಿ ಕಂಪನಿ ಹೇಳಿ ಕಳಿಸಿತು: ಕೆಲಸದ ಹೆಂಗಸರಿಗೆ ಸಂಡಾಸ ಇರಬೇಕು, ನಲ್ಲಿ ಇರಬೇಕು, ಸಾಬಾಣ ಇರಬೇಕು, ಫೋಟೊ ಕಳಿಸಿ. ಸಾವ್ಕಾರರು ಶೆಡ್ಡಿನ ಬಾಗಿಲೆದುರೇ ಕಟ್ಟಿಸಿದರು. ಬಿಳಿ ಟೈಲ್ಸು. ಒಳಗೇ ನಲ್ಲಿ. ಗೋಡೆಗೆ ಕನ್ನಡಿ. ತೆಂಗಿನಕಾಯಿ ಒಡೆದರು. ಫೋಟೊ ಕಳಿಸಿದರು. ಬೀಗ ಹಾಕಿದರು.

ಮೇಲ್ವಿಚಾರಕ ಯಲ್ಲೇಶನನ್ನು ನಸೀಮಾಬಿ ತಡೆದು ಕೇಳಿದಳು: "ಯಾಕಪಾ, ನಮ್ಮ ಸಲುವಾಗಿ ಕಟ್ಟಿಸಿ ಕೀಲಿ ಯಾಕ ಹಾಕೀರಿ?"

"ಹೊಲಸು ಮಾಡ್ತೀರಿ."

"ಸಂಡಾಸ ಹೊಲಸು ಆಗಲಾರದ ಮತ್ತೇನಾಗತೈತಿ? ದೇವರ ಕ್ವಾಣಿ ಐತೇನು ಅದು?"

ಯಲ್ಲೇಶ ಚೀಲ ಎಣಿಸಲು ಹೋದ. ನಾವೆಲ್ಲ ಎದ್ದು ಸಾವ್ಕಾರರ ಹತ್ತಿರ ಹೋದೆವು. ಅಂದಾನೆಪ್ಪನವರು ಗಟ್ಟಿ ಮಾತಿನ ಮನುಷ್ಯರಲ್ಲ. ನಗುತ್ತಾರೆ. ಹೌದು ಅನ್ನುತ್ತಾರೆ. ಕೊಡುವುದಿಲ್ಲ.

"ಹೌದವಾ, ನಿಮ್ಮದ ಐತಿ. ಯಾರು ಇಲ್ಲಂದ್ರು? ಹುಬ್ಬಳ್ಳಿಯಿಂದ ಟ್ರೇನರ್ ಸಾಹೇಬ್ರು ಬರಾಕತ್ತಾರ. ಅವರ್ನ ಒಂದ್ಸಲ ಕೇಳಿ ಕೊಡೂಣು."

ಹೆಂಗಸರು ಒಂದಕ್ಕೆ ಹೋಗಬಹುದೇ ಎಂದು ಹೇಳಲು ಹುಬ್ಬಳ್ಳಿಯಿಂದ ಪಂಡಿತ ಬಂದ. ಕೊರಳಲ್ಲಿ ಟೈ, ಕೈಯಲ್ಲಿ ಮೈಕು. ನಾವು ಕೂತದ್ದು ಅವನ ಬೂಟಿನ ಬಳಿಯಲ್ಲೇ. ಮೈಕು ಯಾಕೆ ಬೇಕಿತ್ತೋ. ಬಂದವನೇ ಮೊದಲು ಚಪ್ಪಾಳೆ ತಟ್ಟಿಸಿದ. "ಜೋರಾಗಿ! ಎನರ್ಜಿ! ಇನ್ನೂ ಜೋರಾಗಿ!" ಅವತ್ತೇ ಅವನಿಗೆ ಹೆಸರು ಬಿತ್ತು: ಚಪ್ಪಾಳಿ ಸಾಹೇಬ.

"ತಾಯಂದಿರೇ," ಅಂದ, "ಮನುಷ್ಯ ಬರೀ ದುಡ್ಡಿಗಾಗಿ ಕೆಲಸ ಮಾಡುವುದಿಲ್ಲ."

ನಾವು ಒಬ್ಬರ ಮುಖ ಒಬ್ಬರು ನೋಡಿದೆವು. ಮತ್ತೆ ಯಾಕೆ ಬರುತ್ತಿದ್ದೇವೆ ಈ ಖಾರಕ್ಕೆ?

"ಮನುಷ್ಯನಿಗೆ ಗುರುತಿಸುವಿಕೆ ಬೇಕು. ಬಹುಮಾನ ಬೇಕು. ಅದಕ್ಕೆ ಮೋಟಿವೇಶನ್ ಅನ್ನುತ್ತಾರೆ. ಎಲ್ಲರಿಗೂ ಸಿಗುವ ವಸ್ತುವಿಗೆ ಬೆಲೆ ಇರುವುದಿಲ್ಲ. ಗೆದ್ದು ಪಡೆದರೆ ಬೆಲೆ."

ಮೈಲಾರವ್ವ ಕೈ ಎತ್ತಿದಳು. "ಯಪ್ಪಾ, ನೀರಿಗೂ ಹಂಗನ ಏನು?"

"ಏನಮ್ಮಾ?"

"ನೀರು ಎಲ್ಲಾರಿಗೂ ಸಿಕ್ಕರ ಅದಕ್ಕ ಬೆಲಿ ಇರೂದಿಲ್ಲೇನು ಅಂತ ಕೇಳಿದ್ನಿ."

"ಒಳ್ಳೆಯ ಪ್ರಶ್ನೆ! ಅಜ್ಜಿಗೆ ಒಂದು ಚಪ್ಪಾಳೆ!"

ತಟ್ಟಿದೆವು. ಉತ್ತರ ಬರಲಿಲ್ಲ. ಯೋಜನೆ ಬಂತು. ಇನ್ನು ಮೇಲೆ ಒಂದೇ ರಾಶಿ ಇಲ್ಲ. ಒಬ್ಬೊಬ್ಬರಿಗೆ ಒಂದೊಂದು ಚೀಲ, ಚೀಲಕ್ಕೆ ಬಣ್ಣದ ಪಟ್ಟಿ, ಬೇರೆ ಬೇರೆ ತೂಕ. ವಾರದಲ್ಲಿ ಯಾರದು ಜಾಸ್ತಿಯೋ ಅವಳು ವಾರದ ತಾರೆ. ಅವಳ ಫೋಟೊ ಗೋಡೆಯ ಹಲಗೆಗೆ. ಸಂಡಾಸದ ಚಾವಿ ಅವಳ ಕೊರಳಿಗೆ. ಒಂದು ವಾರ ಅವಳು ಒಳಗೆ ಹೋಗಬಹುದು, ಅವಳು ಮಾತ್ರ. ಸಾವ್ಕಾರರು ಖುಷಿಯಿಂದ ತೊಡೆ ತಟ್ಟಿಕೊಂಡರು. ಕಟ್ಟಿದ್ದನ್ನು ಕೊಡದೆ ಇರುವುದಕ್ಕೆ ಇಂಗ್ಲಿಷಿನಲ್ಲಿ ಇಷ್ಟು ಒಳ್ಳೆಯ ಹೆಸರು ಇದೆ ಎಂದು ಅವರಿಗೆ ಗೊತ್ತಿರಲಿಲ್ಲ.

ಮಧ್ಯಾಹ್ನ ಗೋಡೆಯ ನೆರಳಿನಲ್ಲಿ ರೊಟ್ಟಿ ಬಿಚ್ಚಿದೆವು. ಮೈಲಾರವ್ವ ಸಮಾಧಾನವಾಗಿದ್ದಳು.

"ಛಲೋ ಆತ ಬಿಡ್ರಿ. ಒಬ್ಬಾಕಿಗೆ ಕೊಡ್ತಾರಂತ. ಯಾರಿಗೆ ಬೇಕು ಅಂತ ನಾವ ಹೇಳಬೇಕು, ಅಲ್ಲೇನು? ಮುಸರತ್‌ಗ ಕೊಡೂಣು. ಕೂಸೈತಿ."

"ಆಯಿ, ಹಂಗಲ್ಲ," ಎಂದೆ ನಾನು. "ಯಾರು ಹೆಚ್ಚು ಮುರೀತಾರ ಅವರಿಗೆ. ಮುಸರತ್ ಇನ್ನೂ ಹಸಿ ಮೈ. ಆಕಿದು ಎಲ್ಲಾರಕಿಂತ ಕಡಿಮಿ ಆಗತೈತಿ."

"ಹಂಗಾದ್ರ ನಾವು ಮುರಿದದ್ದು ಆಕಿ ಚೀಲಕ್ಕ ಹಾಕೂಣು. ಹೆಚ್ಚ ಆಗೂದಿಲ್ಲೇನು?"

ಮುದುಕಿಗೆ ಸ್ಪರ್ಧೆ ಅಂದರೆ ಏನೆಂದೇ ಅರ್ಥವಾಗಿರಲಿಲ್ಲ. ನಾವು ತಿಳಿಸಿ ಹೇಳಲು ಬಾಯಿ ತೆರೆದೆವು. ಹೇಳಲು ಏನೂ ಸಿಗಲಿಲ್ಲ. ನಸೀಮಾಬಿ ರೊಟ್ಟಿ ಕೈಯಲ್ಲೇ ಹಿಡಿದು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ಚಪ್ಪಾಳಿ ಸಾಹೇಬ ಎಷ್ಟು ಕಲತಾನೋ ಏನೋ. ಆಯಿ ಒಂದ ಮಾತಿನಾಗ ಮುಗಿಸಿಬಿಟ್ಲು."

ಯಲ್ಲೇಶ ಬೆನ್ನು ತಿರುಗಿಸಿದಾಗಲೆಲ್ಲ ಕಾಯಿ ಕೈಯಿಂದ ಕೈಗೆ ಸಾಗಿತು. ಎಲ್ಲರ ಚೀಲ ಸೊರಗಿತು, ಮುಸರತ್‌ಳ ಚೀಲ ಬಸುರಾಯಿತು. ಶನಿವಾರ ಬಂದ ಪಗಾರವನ್ನು ಅವಳು ಜಾಲಿಕಂಟಿಯ ಮರೆಯಲ್ಲಿ ಮೊದಲಿನಂತೆ ಸಮ ಹಂಚಿದಳು. ಹೀಗೆ ಮುಸರತ್ ತಾರೆಯಾದಳು. ಎಲ್ಲರಿಗಿಂತ ನಿಧಾನ ಮುರಿಯುವವಳ ಕೊರಳಿಗೆ ಚಾವಿ ಬಿತ್ತು.

"ನೋಡಿದಿರಾ!" ಟ್ರೇನರ್ ಸಾವ್ಕಾರರ ಕೈ ಕುಲುಕಿದ. "ಒಂದು ಚಾವಿ! ಒಂದು ಚಾವಿ ಈ ತಾಯಿಯ ಒಳಗಿನ ಶಕ್ತಿಯನ್ನು ಹೊರಗೆ ತಂದಿತು!"

ಮುಸರತ್ ಒಳಗೆ ಹೋಗಿ, ಮನೆಯಿಂದ ಶೀಸೆಯಲ್ಲಿ ತಂದ ಎಣ್ಣೆಯನ್ನು ಕೈಗೆ ತಿಕ್ಕಿಕೊಂಡಳು. ಬರೀ ನೀರಿಗೆ ಖಾರ ಹೋಗುವುದಿಲ್ಲ. ಎಣ್ಣೆ, ಆಮೇಲೆ ಸಾಬಾಣ, ಆಮೇಲೆ ನೀರು. ಹೊರಗೆ ಬಂದು ಕೂಸನ್ನು ಎತ್ತಿಕೊಂಡಳು. ಕೂಸು ಅಳಲಿಲ್ಲ. ಆಮೇಲೆ ಬಾಗಿಲು ಪೂರಾ ತೆರೆದು ನಮ್ಮತ್ತ ತಿರುಗಿ ಕರೆದಳು: "ಬರ್ರಿ, ನಸೀಮಾ ಆಪಾ, ನೀವೂ ಬರ್ರಿ."

ನಸೀಮಾಬಿ ಒಳಗೆ ಹೋದಳು. ಯಲ್ಲೇಶ ಓಡಿ ಬಂದ. ಬಾಗಿಲು ಬಡಿದ.

"ಹೊರಗ ಬಾ! ವಿನ್ನರ್‌ಗೆ ಅಷ್ಟ ಅದು! ಹೊರಗ ಬಾ ಅಂದ್ರ!"

ಅವಳು ಸೀರೆ ಕೈಯಲ್ಲಿ ಹಿಡಿದುಕೊಂಡೇ ಹೊರಗೆ ಬಂದಳು. ನೆರಿಗೆ ಒದ್ದೆಯಾಗಿತ್ತು. ಹಮಾಲರು ನಕ್ಕರು. ಮೊಮ್ಮಕ್ಕಳನ್ನು ಕಂಡ ಹೆಂಗಸು. ಅವಳ ನಾಲಿಗೆ ಸುಮ್ಮನಾದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಮರುದಿನದಿಂದ ಆ ಬಾಗಿಲ ಬಳಿ ಒಂದು ಸ್ಟೂಲು ಬಂತು, ಸ್ಟೂಲಿನ ಮೇಲೆ ಒಬ್ಬ ಕಾವಲುಗಾರ ಬಂದ. ನೀರು ಬಿಡಲು ಅವರ ಬಳಿ ಖರ್ಚಿಗೆ ಇರಲಿಲ್ಲ. ನೀರು ಕಾಯಲು ಇತ್ತು.

ಮುಂದಿನ ವಾರ ಮೈಲಾರವ್ವಗೆ ಉರಿಮೂತ್ರ. ಹಳಿ ದಾಟುವಷ್ಟರಲ್ಲಿ ಕೂತುಬಿಡುತ್ತಿದ್ದಳು. ಆ ವಾರ ಎಲ್ಲರ ಕಾಯಿ ಅವಳ ಚೀಲಕ್ಕೆ. ಮುದುಕಿ ಮುಸರತ್‌ಳನ್ನೂ ಮೀರಿಸಿ ತಾರೆಯಾದಳು. ಟ್ರೇನರ್‌ಗೆ ಸಂತೋಷದಿಂದ ಉಸಿರು ಕಟ್ಟಿತು. ವಿಡಿಯೊ ತೆಗೆಸಿದ.

"ಅಜ್ಜಿ, ವಯಸ್ಸು ಬರೀ ಒಂದು ಸಂಖ್ಯೆ ಎಂದು ತೋರಿಸಿಕೊಟ್ಟಿರಿ. ಹೇಳಿ, ಈ ವಯಸ್ಸಿನಲ್ಲಿ ನಿಮಗೆ ಏನು ಪ್ರೇರಣೆ?"

ಮೈಲಾರವ್ವ ಕ್ಯಾಮರಾ ನೋಡಿ ಸಾವಕಾಶ ಹೇಳಿದಳು: "ಒಂದಕ್ಕ ಬರತೈತ್ರಿ."

ಅದನ್ನು ಕತ್ತರಿಸಿ ಹಾಡು ಹಾಕಿದರಂತೆ.

ನಕ್ಕೆವು. ಸಂತೆಯಲ್ಲಿ, ಬಸ್ಸಿನಲ್ಲಿ, ಒಲೆಯ ಮುಂದೆ ನೆನಪಿಸಿಕೊಂಡು ನಕ್ಕೆವು. ನಮ್ಮ ಬುದ್ಧಿಗೆ ನಾವೇ ಮರುಳಾದೆವು.

ಸೋಮವಾರ ಹಲಗೆಯ ಮೇಲೆ ಹೊಸ ಗೆರೆ ಇತ್ತು. ಮೈಲಾರವ್ವ ಮುರಿದಷ್ಟು ಇನ್ನು ಮೇಲೆ ಎಲ್ಲರಿಗೂ ಅಳತೆ. ಅಷ್ಟು ಮುಟ್ಟದಿದ್ದರೆ ಅರ್ಧ ಪಗಾರ.

"ಸಾವ್ಕಾರ್ರ, ಇದು ಆಗೂ ಮಾತಲ್ರಿ," ಎಂದೆ.

ಅಂದಾನೆಪ್ಪ ನಕ್ಕರು. "ಯಾಕ ಆಗೂದಿಲ್ಲವಾ ಭಾಗ್ಯಾ? ಬೆರಳ ಇಲ್ಲದ ಮುದುಕಿ ಮಾಡ್ತಾಳ. ಹಸಿ ಬಾಣಂತಿ ಮಾಡ್ತಾಳ. ನಿಮಗೇನು ಧಾಡಿ ಆಗೇತಿ?"

ನಾವು ಒಬ್ಬಳಿಗೆ ಎಂದು ಹಾಕಿದ ಕಾಯಿ ಎಲ್ಲರ ಕೊರಳಿಗೆ ಉರುಳಾಯಿತು. ಎಲ್ಲರ ಕೈ ಸೇರಿ ಮಾಡಿದ್ದನ್ನು ಒಬ್ಬೊಬ್ಬರೇ ಮಾಡಬೇಕು. ಸೂರ್ಯ ಮುಳುಗಿದ ಮೇಲೂ ಕೂತೆವು. ಮುಟ್ಟಲಿಲ್ಲ. ಅರ್ಧ ಪಗಾರ ಬಂತು. ಆ ಅರ್ಧ ನಮ್ಮ ನಡುವೆ ಬಂದು ಕೂತಿತು. ಸುತ್ತು ಒಡೆಯಿತು. ಒಬ್ಬಳು ತನ್ನ ಚೀಲವನ್ನು ತೊಡೆಯ ಕೆಳಗೆ ಎಳೆದುಕೊಂಡಳು. ಇನ್ನೊಬ್ಬಳು ತನ್ನ ಕಾಯಿ ಕದ್ದರೆಂದು ಕೂಗಾಡಿದಳು. ಎಲ್ಲರೂ ಒಬ್ಬರಿಗೊಬ್ಬರು ಬೆನ್ನು ಹಾಕಿ ಕೂತೆವು. ಟ್ರೇನರ್ ಅದನ್ನು ನೋಡಿ "ಸ್ಪರ್ಧಾ ಮನೋಭಾವ ಬೆಳೆಯುತ್ತಿದೆ" ಅಂದ.

ಮುಸರತ್ ನಸೀಮಾಬಿಯ ಮುಂದೆ ಅತ್ತಳು. "ಆಪಾ, ನಾ ಇದ್ದದ್ದು ಇದ್ದಂಗ ಹೇಳಿಬಿಡ್ತೇನಿ. ಅದು ನಾನು ಮುರಿದದ್ದಲ್ಲ ಅಂತ."

"ಹೇಳು. ಕಳ್ಳಿ ಅಂತ ಹೊರಗ ಹಾಕ್ತಾರ. ಎಲ್ಲಾರಕಿಂತ ಮೊದಲ ನಿನ್ನ. ಕೂಸಿಗೆ ಏನು ಕುಡಸ್ತಿ? ಆ ರಿಬ್ಬನ್ನೇನು?"

ಆ ವಾರ ಕೂಸಿಗೆ ಭೇದಿ ಹತ್ತಿತು. ಅರೆ ಪಗಾರದ ಸಿಟ್ಟಿನಲ್ಲೂ, ಬೆನ್ನು ಹಾಕಿ ಕೂತಲ್ಲಿಂದಲೇ, ಹಿಂದಕ್ಕೆ ಕೈ ಚಾಚಿ ಮುಸರತ್‌ಳ ಚೀಲ ತುಂಬಿದೆವು. ನಾವು ಮಾತು ಬಿಟ್ಟಿದ್ದೆವು, ಕೈ ಬಿಟ್ಟಿರಲಿಲ್ಲ. ಚಾವಿ ಮತ್ತೆ ಅವಳ ಕೊರಳಿಗೆ ಬಂತು. ಆಗಲೇ ಸುದ್ದಿಯೂ ಬಂತು: ಮುಂಬಯಿ ಕಂಪನಿಯ ಮೇಡಂ ಬರುತ್ತಾರೆ. ಅವರ ಮುಂದೆ ತಾರೆ ಕೂತು, ಅಷ್ಟು ಕಾಯಿ ಹೇಗೆ ಮುರಿಯುತ್ತಾಳೆ ಎಂಬುದನ್ನು ತೋರಿಸಬೇಕು.

ಮೇಡಂ ಬಂದರು. ಬಾಯಿಗೆ ಮಾಸ್ಕು, ಕೈಗೆ ರಬ್ಬರಿನ ಗವಸು. ಮೆಣಸಿನಕಾಯಿ ಕೊಳ್ಳುವವರಿಗೆ ಗವಸು ಇದೆ. ಶೆಡ್ಡಿನ ನಡುವೆ ಆ ಸಂಜೆಯ ಲಾರಿಗೆ ಹೋಗಬೇಕಾದ ದೊಡ್ಡ ರಾಶಿ. ರಾಶಿಯ ಮುಂದೆ ಜಮಖಾನೆ. ಜಮಖಾನೆಯ ಮೇಲೆ ಮುಸರತ್ ಒಬ್ಬಳೇ. ತಲೆಗೆ ಹೂ ಮುಡಿಸಿದ್ದರು. ಟ್ರೇನರ್ ಗಡಿಯಾರ ಹಿಡಿದು ನಿಂತ. ನಾವು ಗೋಡೆಗೆ.

"ಸ್ಟಾರ್ಟ್!"

ಮುಸರತ್ ಕಾಯಿ ಎತ್ತಿಕೊಂಡಳು. ತೊಟ್ಟು ಮುರಿದಳು. ಇನ್ನೊಂದು. ಮತ್ತೊಂದು. ಶೆಡ್ಡಿನಲ್ಲಿ ತೊಟ್ಟು ಮುರಿಯುವ ಸದ್ದು ಒಂಟಿಯಾಗಿ ಕೇಳಿತು. ಟಕ್. ಟಕ್. ಅವಳ ಕೈ ನಿಂತಿತು. ಕೈಗಳನ್ನು ಮೊಣಕಾಲ ಮೇಲೆ ಇಟ್ಟಳು.

"ಆಗೂದಿಲ್ರಿ."

"ಏನು?" ಎಂದ ಟ್ರೇನರ್.

"ಒಬ್ಬಾಕಿ ಕೈಲೆ ಅಷ್ಟು ಆಗೂದಿಲ್ರಿ. ಯಾವತ್ತೂ ಆಗಿಲ್ಲ. ನನ್ನ ಉಳದ ಕೈ ಅಲ್ಲಿ ನಿಂತಾವ." ಗೋಡೆಯ ಕಡೆ ತೋರಿಸಿದಳು. "ಅವನ್ನ ಕರಕೋತೇನಿ."

ಮೊದಲು ಹೊರಟವಳು ಮೈಲಾರವ್ವ. ಹೋಗಿ ರಾಶಿಯ ಅಂಚಿಗೆ ತನ್ನ ಜಾಗದಲ್ಲಿ ಕಾಲು ಚಾಚಿ ಕೂತಳು. ಉಡಿ ಬಿಚ್ಚಿ ಕಾಯಿ ಸುರಿದುಕೊಂಡಳು. ಆಮೇಲೆ ನಸೀಮಾಬಿ. ಆಮೇಲೆ ನಾನು. ಆಮೇಲೆ ಮಾತು ಬಿಟ್ಟವರೂ ಬಂದರು. ಸುತ್ತು ಕೂಡಿತು.

ಅಂದಾನೆಪ್ಪ ಮೇಡಂ ಕಡೆ ತಿರುಗಿ ಹರಕು ಹಿಂದಿಯಲ್ಲಿ ನಕ್ಕರು: "ಟೀಮ್ ವರ್ಕ್ ಮೇಡಂ! ಬಹುತ್ ಅಚ್ಛಾ ಟೀಮ್ ವರ್ಕ್! ಸಬ್ ಖುಷ್!"

ಸಾವ್ಕಾರರು ಒಂದು ಮರೆತಿದ್ದರು. ನಸೀಮಾಬಿ ನಮ್ಮ ಜೊತೆ ಕನ್ನಡ ಆಡುತ್ತಾಳೆ. ಮನೆಯಲ್ಲಿ ಉರ್ದು.

"ಝೂಟ್ ಮೇಡಂ," ಎಂದಳು ನಸೀಮಾಬಿ. "ಕೋಯಿ ಖುಷ್ ನೈ. ವೋ ಸಂಡಾಸ್ ದೇಖೆ? ವೋ ಹಮಾರಾ ನೈ. ಇನಾಮ್ ಹೈ."

"ಇನಾಮ್?" ಸಂಡಾಸ ಬಹುಮಾನ ಹೇಗಾಗುತ್ತದೆ ಎಂದು ಮೇಡಂಗೆ ತಿಳಿಯಲಿಲ್ಲ.

ಮುಸರತ್ ಕೊರಳ ಚಾವಿ ಎತ್ತಿ ತೋರಿಸಿದಳು. ನಸೀಮಾಬಿ ಎಲ್ಲವನ್ನೂ ಹೇಳಿದಳು. ಕೂಸಿನ ತುಟಿ ಹೇಳಿದಳು. ತನ್ನ ಒದ್ದೆ ನೆರಿಗೆ ಹೇಳಿದಳು. ಮೇಡಂ ಚಾವಿ ನೋಡಿದರು. ಬೀಗ ಹಾಕಿದ ಬಾಗಿಲು ನೋಡಿದರು. ತಮ್ಮ ಗಡಿಯಾರ ನೋಡಿದರು. ಫೈಲಿನಲ್ಲಿ ಫೋಟೊ ಸರಿಯಾಗಿಯೇ ಇದೆ ಅಂದರು. ಲಾರಿ ಎಷ್ಟು ಹೊತ್ತಿಗೆ ಹೊರಡುತ್ತದೆ ಎಂದು ಕೇಳಿದರು.

ಟ್ರೇನರ್‌ನ ಮಾನ ಹೋಗುತ್ತಿತ್ತು. "ಇದು ಸೋಮಾರಿತನ ಮೇಡಂ! ಮನಸ್ಸಿದ್ದರೆ ಎಲ್ಲವೂ ಸಾಧ್ಯ. ನಾನೇ ಮಾಡಿ ತೋರಿಸುತ್ತೇನೆ!" ಎಂದು ಕುಕ್ಕರಗಾಲಲ್ಲಿ ಕೂತ. ಟೈ ಕಾಯಿಯ ಮೇಲೆ ಬಿತ್ತು. ಮುರಿದ, ಮುರಿದ, ಬೊಗಸೆ ತುಂಬ ಮುರಿದ. ತಗಡಿನ ಕೆಳಗಿನ ಸೆಕೆ. ಹಣೆಯಿಂದ ಬೆವರು ಇಳಿದು ರೆಪ್ಪೆಗೆ ಬಂತು. ಕೈಯಿಂದ ಒರೆಸಿಕೊಂಡ.

ಅವನ ಗಂಟಲಿಗೆ ಅವತ್ತು ಮೈಕು ಬೇಕಾಗಲಿಲ್ಲ.

ಎದ್ದು ಕುರುಡನಂತೆ ಓಡಿದ. ಸಂಡಾಸದ ಬಾಗಿಲು ಗುದ್ದಿದ. ಕಾವಲಿನ ಸ್ಟೂಲು ಉರುಳಿತು. "ಚಾವಿ! ನೀರು! ಚಾವಿ ಕೊಡಿ!"

ನಸೀಮಾಬಿ ಕೂತಲ್ಲಿಂದ ಕೇಳಿದಳು: "ನಿಮ್ಮ ಚೀಲ ತುಂಬೇತೇನ್ರಿ ಸಾಹೇಬ್ರ? ವಿನ್ನರ್‌ಗೆ ಅಷ್ಟರಿ ಅದು."

"ಪಾಪ, ತಗಿಬೇ ಮುಸರತ್," ಎಂದಳು ಮೈಲಾರವ್ವ. "ಕಣ್ಣಿನ ಕೆಲಸ."

ಮುಸರತ್ ಎದ್ದು ಹೋಗಿ ಬೀಗ ತೆಗೆದಳು. ಆ ಉರಿ ಅವಳಿಗೆ ಗೊತ್ತಿತ್ತು. ಅವನು ನಲ್ಲಿಯ ಕೆಳಗೆ ತಲೆ ಕೊಟ್ಟ, ಎಷ್ಟೋ ಹೊತ್ತಿನ ಮೇಲೆ ಟೈಯಿಂದ ಮುಖ ಒರೆಸಿಕೊಳ್ಳುತ್ತ ಹೊರಗೆ ಬಂದ. ಟೈಗೂ ಖಾರ ಹತ್ತಿತ್ತು. ಮತ್ತೆ ಒಳಗೆ ಓಡಿದ. ಮತ್ತೆ ಬಂದ.

"ಆತಲ್ಲ?" ಎಂದರು ಅಂದಾನೆಪ್ಪ. ಈಗ ನಗುತ್ತಿರಲಿಲ್ಲ. "ಇನ್ನ ಕೀಲಿ ಹಾಕು."

ಮುಸರತ್ ಕೈಯಲ್ಲಿ ಬೀಗ ಇತ್ತು. ಬೀಗದಲ್ಲಿ ಚಾವಿ. ಚಾವಿಗೆ ರಿಬ್ಬನ್ನು.

"ಹಾಕೂದಿಲ್ರಿ."

"ಏನಂದಿ?"

"ಇವತ್ತಲ್ಲ, ಇನ್ನ ಯಾವತ್ತೂ ಹಾಕೂದಿಲ್ಲ."

ಕೊರಳಿನಿಂದ ರಿಬ್ಬನ್ನು ಎಳೆದು ತೆಗೆದಳು. ಬೀಗಕ್ಕೆ ಸುತ್ತಿದಳು. ಬೀಸಿ ಒಗೆದಳು. ನಮ್ಮ ತಲೆಗಳ ಮೇಲಿಂದ ಅದು ರಾಶಿಯ ಕಡೆ ಹಾರಿತು. ಕೆಂಪಿಗೆ ಕೆಂಪು. ಮತ್ತೆ ಕಾಣಲಿಲ್ಲ.

ಮೇಡಂ ಚೀರಿದರು. ಮಾಲಿನಲ್ಲಿ ಕಬ್ಬಿಣದ ಒಂದು ಚೂರು ಸಿಕ್ಕರೂ ಆಚೆ ದೇಶದವರು ಪೂರ್ತಿ ಮಾಲು ವಾಪಸು ಕಳಿಸುತ್ತಾರಂತೆ. ಅದು ಸಿಗುವವರೆಗೆ ಒಂದು ಕಾಯಿಯೂ ಲಾರಿಗೆ ಏರಬಾರದು ಅಂದರು. ಬಾಗಿಲಿನ ಮೇಲೆ ಇದ್ದಾಗ ಆ ಬೀಗ ಮೇಡಂಗೆ ತೊಂದರೆ ಕೊಟ್ಟಿರಲಿಲ್ಲ. ಕಾಯಿಯ ಮೇಲೆ ಬಿದ್ದ ಕೂಡಲೇ ಕೊಟ್ಟಿತು.

"ಹುಡಕ್ರಿ!" ಅಂದಾನೆಪ್ಪನವರ ದನಿ ಒಡೆಯಿತು. "ಏನ್ ನೋಡಾಕತ್ತೀರಿ? ಎಲ್ಲಾರೂ ಹುಡಕ್ರಿ!"

ಯಾರೂ ಏಳಲಿಲ್ಲ.

"ಬಹುಮಾನ ಇಡ್ರಿ ಸಾವ್ಕಾರ್ರ," ಎಂದಳು ನಸೀಮಾಬಿ. "ಮೋಟಿವೇಶನ್ ಬರಲಿ."

"ನಾಳಿಂದ ಒಬ್ಬಾಕಿನೂ ಈ ಕಡೆ ಹಾಯಬ್ಯಾಡ್ರಿ!"

"ನಾಳಿ ಮಾತು ನಾಳಿ ಆಡೂಣು. ಲಾರಿ ಇವತ್ತ ಐತಿ."

"ಏನ್ ಬೇಕ ನಿಮಗ?"

ಉತ್ತರ ಕೊಟ್ಟವಳು ಮುಸರತ್. "ಬಾಗಲಾ ತಗದಿರಬೇಕು, ಎಲ್ಲಾರಿಗೂ. ಹಲಿಗಿ ಮ್ಯಾಲಿನ ಗೆರಿ ಅಳಸಬೇಕು. ರಾಶಿ ಮೊದಲಿನಂಗ ಕೂಡಿ ತೂಗಬೇಕು."

ಸಾವ್ಕಾರರು ಉಗುಳಿದರು. ಹೆಂಗಸರ ಮಾತಿಗೆ ಒಪ್ಪುವುದಕ್ಕಿಂತ ತಾವೇ ಹುಡುಕುವುದು ಮೇಲು ಅನ್ನಿಸಿರಬೇಕು. ಅಂಗಿಯ ತೋಳು ಏರಿಸಿದರು. ಯಲ್ಲೇಶನನ್ನು ಕರೆದರು. ಮೊಣಕಾಲೂರಿ ರಾಶಿಗೆ ಕೈ ಹಾಕಿದರು. ಮೊದಲ ಸೀನು ಬಂತು.

"ಕಣ್ಣ ಮುಟಗೋಬ್ಯಾಡ್ರಿ ಮತ್ತ," ಎಂದು ಮೈಲಾರವ್ವ ಎಚ್ಚರಿಸಿ, ಉಡಿ ಕಟ್ಟಿಕೊಂಡು ನನ್ನ ಭುಜ ಹಿಡಿದು ಎದ್ದಳು.

ನಾವು ಹೊರಗೆ ಹೋಗಿ ಆ ಬಾಗಿಲ ಮುಂದೆ ಸಾಲು ನಿಂತೆವು. ತಡೆಯಲು ಕಾವಲಿನವನು ಇರಲಿಲ್ಲ, ಅವನನ್ನೂ ಹುಡುಕಲು ಕರೆದಿದ್ದರು. ಎಣ್ಣೆಯ ಶೀಸೆ ಕೈಯಿಂದ ಕೈಗೆ ಬಂತು. ಸಾಬಾಣ ಬಂತು. ಒಬ್ಬೊಬ್ಬರೂ ಒಳಗೆ ಹೋಗಿ, ಅವಸರವಿಲ್ಲದೆ, ಯಾರೂ ಬಾಗಿಲು ಬಡಿಯದೆ, ಹೋಗಿ ಬಂದೆವು. ನಸೀಮಾಬಿ ಎಲ್ಲರಿಗಿಂತ ಹೆಚ್ಚು ಹೊತ್ತು ಒಳಗೆ ಇದ್ದಳು. ಹೊರಗೆ ಬಂದವಳು "ಕನ್ನಡಿ ಛಲೋ ಐತಿ" ಅಂದಳು.

ಖಾದರಬಿ ಕೂಸನ್ನು ತಂದಳು. ದಿನದಂತೆ ಸೊಸೆಯ ಗುಂಡಿಗೆ ಕೈ ಹಾಕಲು ಹೋದಳು.

"ಬಿಡ್ರಿ ಅಮ್ಮಾ. ನಾನ ತಗೋತೇನಿ."

ಮುಸರತ್ ಗೋಡೆಗೆ ಒರಗಿ ಕೂತಳು. ನಾವು ಅವಳ ಸುತ್ತ ಗುಂಡಗೆ ನಿಂತೆವು, ಹಮಾಲರ ಕಡೆ ಬೆನ್ನು ಮಾಡಿ. ಅವಳು ತನ್ನ ಕೈಯಿಂದಲೇ ಗುಂಡಿ ಬಿಚ್ಚಿದಳು. ಬೆರಳಿನಿಂದ ಕೂಸಿನ ತುಟಿ ಸವರಿದಳು. ಕೂಸು ಕುಡಿಯತೊಡಗಿತು.

ಕೊನೆಗೆ ಮೈಲಾರವ್ವ ನಲ್ಲಿಗೆ ಬಗ್ಗಿದಳು. ಉಡಿಯಲ್ಲಿ ಏನೋ ಠಣ್ ಅಂದಿತು.

"ಏನದು ಆಯಿ?" ಎಂದೆ.

ಮುದುಕಿ ಉಡಿಯ ಅಂಚು ಸ್ವಲ್ಪ ಸರಿಸಿದಳು. ಕಾಯಿಗಳ ನಡುವೆ ಬೀಗ. ಬೀಗಕ್ಕೆ ಸುತ್ತಿದ ರಿಬ್ಬನ್ನು.

"ಇಲ್ಲೆ ಬಿತ್ತವಾ ಅದು. ನಾ ಏನು ಮಾಡ್ಲಿ?"

"ಮತ್ತ ಹೇಳಲಿಲ್ಲಲ್ಲ?"

"ನನ್ನ ಯಾರರೆ ಕೇಳಿದ್ರೇನು?"

ಶೆಡ್ಡಿನೊಳಗಿಂದ ಸೀನು ಕೇಳುತ್ತಿತ್ತು, ಒಂದರ ಹಿಂದೆ ಒಂದು. ಬಾಗಿಲಿನಿಂದ ಇಣುಕಿದೆವು. ಅಂದಾನೆಪ್ಪ ಸಾವ್ಕಾರರು ಮೊಣಕೈವರೆಗೆ ರಾಶಿಯಲ್ಲಿ ಇಳಿದಿದ್ದರು. ಕಣ್ಣಿನಿಂದ, ಮೂಗಿನಿಂದ ನೀರು. ಒರೆಸಿಕೊಳ್ಳಲು ಕೈ ಎತ್ತುತ್ತಿದ್ದರು, ನೆನಪಾಗಿ ಇಳಿಸುತ್ತಿದ್ದರು. ಮೈಲಾರವ್ವ ಸೆರಗಿಗೆ ಕೈ ಒರೆಸಿಕೊಂಡು ಮೆಚ್ಚಿ ತಲೆಯಾಡಿಸಿದಳು.

"ಭಾರಿ ದುಡ್ಯಾಕತ್ತಾನ ನೋಡವಾ. ಚಪ್ಪಾಳಿ ಹೊಡೀರಿ."

ತಟ್ಟಿದೆವು. ಕೈ ಉರಿಯಲಿಲ್ಲ.